ತೆರಿಗೆ ಸೊನ್ನೆ, ಆದರೂ ರಿಟರ್ನ್ ಹಾಕಬೇಕು

ಸಂಪಾದಕರಿಗೆ ನಮಸ್ಕಾರ.

2025ರ ಫೆಬ್ರುವರಿ 1ರಂದು ಬಜೆಟ್ ಬಂದಾಗ ಎಲ್ಲ ಪತ್ರಿಕೆಗಳ ಹಾಗೆ ನಿಮ್ಮ ಪತ್ರಿಕೆಯೂ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿತ್ತು. ಸುದ್ದಿ ಸುಳ್ಳಲ್ಲ. ಆದರೆ ನಮ್ಮ ಬೀದಿಯಲ್ಲಿ ಅದನ್ನು ಓದಿದವರು ಇನ್ನೊಂದು ಸಾಲನ್ನು ತಾವೇ ಸೇರಿಸಿಕೊಂಡು ಓದಿದರು: ‘ಹಾಗಾದ್ರೆ ರಿಟರ್ನ್ ಹಾಕೋದೂ ಬೇಡ.’ ರಿಟರ್ನ್ ಅಂದರೆ ವರ್ಷದ ಆದಾಯ, ತೆರಿಗೆಯ ಲೆಕ್ಕವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವುದು. ಆ ಬಜೆಟ್ಟಿನ ಲೆಕ್ಕ ಶುರುವಾಗಿದ್ದು 2025-26ನೇ ಹಣಕಾಸು ವರ್ಷದಿಂದ. ಆ ವರ್ಷದ ರಿಟರ್ನ್ ಹಾಕುವ ಕಾಲ ಈಗ ಬಂದಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾನು ಆಡಿಟರ್ ಅಲ್ಲ. ಅಂಚೆ ಇಲಾಖೆಯಲ್ಲಿ ಸರ್ವಿಸ್ ಮುಗಿಸಿ ಸಬ್ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತಿಯಾದವಳು. ಜಾಸ್ತಿ ಕಾಲ ಕೂತಿದ್ದು ಉಳಿತಾಯ ಖಾತೆಯ ಕೌಂಟರ್‌ನಲ್ಲಿ. ಮನೆ ಹನುಮಂತನಗರದಲ್ಲಿ. ಪಾಸ್‌ಬುಕ್, ಫಾರ್ಮು, ಬಡ್ಡಿ ಸರ್ಟಿಫಿಕೇಟು ಅಂದರೆ ಸುತ್ತಮುತ್ತಲಿನವರು ಈಗಲೂ ನಮ್ಮ ಮನೆಗೇ ಬರುತ್ತಾರೆ. ಸಂಜೆ ರಾಮಾಂಜನೇಯ ಗುಡ್ಡದ ಕಡೆ ವಾಕಿಂಗ್ ಹೋದರೂ ಬಿಡುವುದಿಲ್ಲ. ಬೇಸಿಗೆ ಮುಗಿದು ಜುಲೈ ಹತ್ತಿರ ಬಂತು ಅಂದರೆ ಪ್ರಶ್ನೆ ಒಂದೇ: ‘ಮೇಡಂ, ನಾನು ಐಟಿ ಫೈಲ್ ಮಾಡ್ಬೇಕಾ, ಬೇಡ್ವಾ?’

ಉತ್ತರ ಸಿಗಬೇಕಾದರೆ 12 ಲಕ್ಷವನ್ನು ಒಂದು ಗಳಿಗೆ ಮರೆಯಬೇಕು. ರಿಟರ್ನ್ ಹಾಕಬೇಕೋ ಬೇಡವೋ ಎಂದು ನಿರ್ಧರಿಸುವ ಗೆರೆ ಬೇರೆ ಇದೆ. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ಆ ಗೆರೆ 2025-26ಕ್ಕೆ 4 ಲಕ್ಷ ರೂಪಾಯಿ. ಅದರ ಹಿಂದಿನ ವರ್ಷ 3 ಲಕ್ಷ ಇತ್ತು. ಆದಾಯ 4 ಲಕ್ಷ ದಾಟಿತು ಅಂದರೆ ತೆರಿಗೆಯ ಲೆಕ್ಕ ಶುರು. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, 8ರಿಂದ 12 ಲಕ್ಷದವರೆಗಿನ ಭಾಗಕ್ಕೆ ಶೇ 10. ಸರಿಯಾಗಿ 12 ಲಕ್ಷ ಇದ್ದವರಿಗೆ ಹೀಗೆ 60,000 ರೂಪಾಯಿ ತೆರಿಗೆ ಬರುತ್ತದೆ. ಆಮೇಲೆ ಸರ್ಕಾರ ಆ 60,000ವನ್ನು ರಿಯಾಯಿತಿ ಎಂದು ಬಿಟ್ಟುಬಿಡುತ್ತದೆ. ಅಂದರೆ ಮೊದಲು ತೆರಿಗೆ ಹಾಕುತ್ತಾರೆ, ನಂತರ ಮನ್ನಾ ಮಾಡುತ್ತಾರೆ. ಇವೆರಡೂ ನಡೆಯುವುದು ರಿಟರ್ನ್ ಒಳಗೇ. ರಿಟರ್ನೇ ಹಾಕದಿದ್ದರೆ ಮನ್ನಾ ಎಲ್ಲಿಂದ ಬಂತು?

ನಮ್ಮೂರಿನ ಹೆಂಗಸರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಿಎಂಟಿಸಿ ಬಸ್ಸಿನಲ್ಲಿ ನಾವು ದುಡ್ಡು ಕೊಡುವುದಿಲ್ಲ. ಆದರೆ ಕಂಡಕ್ಟರ್ ಹತ್ತಿರ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಅಲ್ವಾ? ರಿಟರ್ನ್ ಕೂಡ ಅದೇ ಥರ. ಇಷ್ಟು ಹೇಳಿದರೆ ಹೆಂಗಸರು ತಲೆ ಆಡಿಸಿ ಹೋಗುತ್ತಾರೆ. ಗಂಡಸರು ಮಾತ್ರ ವಾದಕ್ಕೆ ನಿಲ್ಲುತ್ತಾರೆ.

ಹಾಗೆ ವಾದಕ್ಕೆ ನಿಂತವರಲ್ಲಿ ನಮ್ಮ ಎದುರು ಮನೆಯವರೂ ಒಬ್ಬರು. ಸರ್ಕಾರಿ ನೌಕರಿಯಿಂದ ನಿವೃತ್ತರು, ವಯಸ್ಸು 68. ತಿಂಗಳಿಗೆ 30,000 ಪಿಂಚಣಿ. ನಿವೃತ್ತಿಯಾದಾಗ ಬಂದ ಹಣದಲ್ಲಿ 30 ಲಕ್ಷವನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದಾರೆ. ಒಬ್ಬರು ಇಡಬಹುದಾದ್ದೇ ಅಷ್ಟು. ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಖಾತೆಗೆ ಬೀಳುತ್ತದೆ. ವರ್ಷಕ್ಕೆ 2,46,000. ಅವರ ಮಾತು ಇದು: ‘ನಾನು 15ಎಚ್ ಕೊಟ್ಟಿದ್ದೀನಲ್ಲಮ್ಮ, ಟಿಡಿಎಸ್ಸೇ ಕಟ್ ಆಗಿಲ್ಲ. ಇನ್ನು ರಿಟರ್ನ್ ಯಾಕೆ?’

ಟಿಡಿಎಸ್ ಅಂದರೆ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಈ 15ಎಚ್ ಎಂಬ ಫಾರ್ಮಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನ ಅರ್ಧ ಹಿರಿಯರು ಇಲ್ಲೇ ತಪ್ಪು ತಿಳಿದುಕೊಂಡಿದ್ದಾರೆ ಅಂತ ನನಗೆ ಅನಿಸಿದೆ. 2025-26ರವರೆಗೆ ಏಪ್ರಿಲ್ ತಿಂಗಳಲ್ಲಿ ಪೋಸ್ಟಾಫೀಸು, ಬ್ಯಾಂಕುಗಳಲ್ಲಿ ಈ ಫಾರ್ಮಿಗಾಗಿಯೇ ಸಾಲು ನಿಲ್ಲುತ್ತಿತ್ತು. ಆ ಕಾಗದ ಹೇಳುವುದು ಇಷ್ಟೇ: ‘ಈ ವರ್ಷ ನನಗೆ ಕಟ್ಟಬೇಕಾದ ತೆರಿಗೆ ಸೊನ್ನೆ, ಆದ್ದರಿಂದ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯಬೇಡಿ.’ ಅದು ಬ್ಯಾಂಕಿಗೆ ಅಥವಾ ಪೋಸ್ಟಾಫೀಸಿಗೆ ಕೊಟ್ಟ ಮಾತು. ಅದನ್ನು ಕೊಟ್ಟ ಮಾತ್ರಕ್ಕೆ ರಿಟರ್ನ್ ಹಾಕಿದಂತೆ ಆಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ, 15ಎಚ್ ಕೊಡಲು ಆದಾಯ 4 ಲಕ್ಷದ ಒಳಗೇ ಇರಬೇಕು ಅಂತಿರಲಿಲ್ಲ. ರಿಯಾಯಿತಿ ಕಳೆದು ತೆರಿಗೆ ಸೊನ್ನೆ ಬಂದರೆ ಸಾಕು, 60 ದಾಟಿದವರು ಕೊಡಬಹುದಿತ್ತು. ಹಾಗಾಗಿ 15ಎಚ್ ಕೊಡುವ ಅರ್ಹತೆಯೂ ಇದ್ದು, ರಿಟರ್ನ್ ಹಾಕುವ ಹೊಣೆಯೂ ಇರುವವರು ಬೇಕಾದಷ್ಟು ಜನ ಇದ್ದಾರೆ. ಕೌಂಟರ್‌ನಲ್ಲಿ ಕೂತವರಿಗೆ ಇದನ್ನೆಲ್ಲ ವಿವರಿಸುವ ಪುರುಸೊತ್ತು ಇರುವುದಿಲ್ಲ. ಹಿಂದೆ ನಿಂತವರು ‘ಬೇಗ ಬೇಗ’ ಅನ್ನುತ್ತಿರುತ್ತಾರೆ.

ಎದುರು ಮನೆಯವರ ಲೆಕ್ಕ ನೋಡಿ. ಪಿಂಚಣಿ 3,60,000, ಬಡ್ಡಿ 2,46,000, ಒಟ್ಟು 6,06,000. ಪಿಂಚಣಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 5,31,000. ನಾಲ್ಕು ಲಕ್ಷದ ಮೇಲಿನ 1,31,000ಕ್ಕೆ ಶೇ 5ರಂತೆ ತೆರಿಗೆ 6,550. ಅಷ್ಟೂ ಮನ್ನಾ. ಕಟ್ಟುವುದು ಸೊನ್ನೆ. ಆದರೆ ಇವರು ಜುಲೈ 31ರ ಒಳಗೆ ರಿಟರ್ನ್ ಹಾಕದೆ ತಡವಾಗಿ ಹಾಕಿದರೆ ತಡದ ಶುಲ್ಕ 5,000 ರೂಪಾಯಿ. ಆದಾಯ 5 ಲಕ್ಷದ ಒಳಗಿದ್ದರೆ ಆ ಶುಲ್ಕ 1,000, ದಾಟಿದರೆ 5,000. ತೆರಿಗೆಯಾದರೆ ಮನ್ನಾ ಇದೆ, ಈ ಶುಲ್ಕಕ್ಕೆ ಮನ್ನಾ ಇಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಅವರು ವಾದ ನಿಲ್ಲಿಸಿ ಕನ್ನಡಕ ತರಲು ಒಳಗೆ ಹೋಗಿದ್ದು.

ಆ 4 ಲಕ್ಷ ಯಾವುದನ್ನು ಕಳೆದ ಮೇಲೆ, ಯಾವುದನ್ನು ಕಳೆಯುವ ಮುಂಚೆ ಎನ್ನುವುದೂ ಗೊತ್ತಿರಬೇಕು. ಸಂಬಳ ಅಥವಾ ಪಿಂಚಣಿಯಲ್ಲಿ 75,000 ಮೊದಲೇ ಕಳೆಯಬಹುದು. ಹಾಗಾಗಿ ಬರೀ ಪಿಂಚಣಿ ಇದ್ದು ಬೇರೆ ಏನೂ ಇಲ್ಲದವರಿಗೆ ಗೆರೆ 4,75,000 ಆಯಿತು. ಬಾಡಿಗೆಯ ಆದಾಯ ಇರುವವರು, ಮನೆ ಕಂದಾಯ ತಾವೇ ಕಟ್ಟಿದ್ದರೆ ಅದನ್ನು ಕಳೆದು, ಉಳಿದದ್ದರಲ್ಲಿ ಶೇ 30 ಕಳೆಯಬಹುದು. ಆದರೆ ಎಲ್‌ಐಸಿ ಪ್ರೀಮಿಯಂ, ಪಿಪಿಎಫ್, ಆರೋಗ್ಯ ವಿಮೆ ಇವನ್ನೆಲ್ಲ ಕಳೆದು ‘ಗೆರೆಯ ಒಳಗೆ ಬಂದೆ’ ಅನ್ನುವ ಹಾಗಿಲ್ಲ. ಹಳೆ ಪದ್ಧತಿಯಲ್ಲಿ ಅವು ತೆರಿಗೆ ಕಡಿಮೆ ಮಾಡುತ್ತವೆ ನಿಜ. ರಿಟರ್ನ್ ಬೇಕೋ ಬೇಡವೋ ಎಂದು ನೋಡುವಾಗ ಅವು ಲೆಕ್ಕಕ್ಕೇ ಬರುವುದಿಲ್ಲ.

ಹಳೆ ಪದ್ಧತಿ ಅಂದೆ. ಅದರಲ್ಲಿ 60ರ ಒಳಗಿನವರಿಗೆ 2.5 ಲಕ್ಷ, 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷದ ಗೆರೆ. ಇದನ್ನೇ ನೆನಪಿಟ್ಟುಕೊಂಡ ಹಿರಿಯರು ‘ನನಗೆ 82, ಐದು ಲಕ್ಷದವರೆಗೆ ಏನೂ ಇಲ್ಲ’ ಅನ್ನುತ್ತಾರೆ. ಈಗ ನಾವು ಏನೂ ಹೇಳದಿದ್ದರೆ ನಮ್ಮನ್ನು ಹೊಸ ಪದ್ಧತಿಗೇ ಸೇರಿಸುತ್ತಾರೆ. ಅಲ್ಲಿ ವಯಸ್ಸಿನ ಭೇದ ಇಲ್ಲ. ಇಪ್ಪತ್ತರ ಹುಡುಗನಿಗೂ ಎಂಬತ್ತರ ಅಜ್ಜಿಗೂ ಅದೇ 4 ಲಕ್ಷ. ಹಳೆ ಪದ್ಧತಿಯೇ ಬೇಕು ಅಂದರೆ ಅದನ್ನು ಹೇಳಬೇಕಾದ್ದು ಮತ್ತೆ ರಿಟರ್ನ್‌ನಲ್ಲೇ!

ಎಪ್ಪತ್ತೈದು ದಾಟಿದವರಿಗೆ ರಿಟರ್ನ್ ಬೇಡ ಎಂಬ ಇನ್ನೊಂದು ಮಾತು 2021ರಿಂದ ಓಡಾಡುತ್ತಿದೆ. ಅರ್ಧ ನಿಜ. ಪಿಂಚಣಿ ಬಿಟ್ಟು ಬೇರೆ ಆದಾಯ ಇರಬಾರದು, ಬಡ್ಡಿ ಇದ್ದರೆ ಅದೂ ಪಿಂಚಣಿ ಬರುವ ಅದೇ ಬ್ಯಾಂಕಿನದ್ದೇ ಆಗಿರಬೇಕು. ಬ್ಯಾಂಕಿಗೆ 12ಬಿಬಿಎ ಎಂಬ ಫಾರ್ಮಿನಲ್ಲಿ ಬರೆದುಕೊಡಬೇಕು. ಆಗ ಬ್ಯಾಂಕೇ ಲೆಕ್ಕ ಹಾಕಿ ತೆರಿಗೆ ಇದ್ದರೆ ಹಿಡಿದು ಕಟ್ಟುತ್ತದೆ, ರಿಟರ್ನ್ ಬೇಕಿಲ್ಲ. ನಮ್ಮ ಕಡೆಯ ಹಿರಿಯರಲ್ಲಿ ಇದಕ್ಕೆ ಸರಿಹೊಂದುವವರು ನನಗೆ ಸಿಕ್ಕಿಲ್ಲ. ಪಿಂಚಣಿ ಒಂದು ಬ್ಯಾಂಕಿನಲ್ಲಿ, ಎಫ್‌ಡಿ ಇನ್ನೊಂದರಲ್ಲಿ, ಜೊತೆಗೆ ಗಾಂಧಿ ಬಜಾರಿನ ಹತ್ತಿರದ ಯಾವುದೋ ಸಹಕಾರಿ ಸಂಘದಲ್ಲಿ ಸ್ವಲ್ಪ, ಪೋಸ್ಟಾಫೀಸಿನಲ್ಲಿ ಸ್ವಲ್ಪ. ಹೀಗೆ ನಾಲ್ಕು ಕಡೆ ಇಟ್ಟವರಿಗೆ ಈ ಸೌಲಭ್ಯ ಸಿಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಆದಾಯದ ಗೆರೆ. ಆದಾಯ 4 ಲಕ್ಷದ ಕೆಳಗೇ ಇದ್ದರೂ ಕೆಲವು ಖರ್ಚು, ಕೆಲವು ವ್ಯವಹಾರ ಮಾಡಿದವರು ರಿಟರ್ನ್ ಹಾಕಲೇಬೇಕು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಈ ಪಟ್ಟಿ ಓದಿದರೆ ಬೆಂಗಳೂರಿನವರನ್ನೇ ನೋಡಿಕೊಂಡು ಬರೆದ ಹಾಗಿದೆ ಅನಿಸುತ್ತದೆ.

ಮೊದಲನೆಯದು ವಿದೇಶ ಪ್ರಯಾಣ. ವರ್ಷದಲ್ಲಿ ತನಗಾಗಲಿ ಬೇರೆಯವರಿಗಾಗಲಿ ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಿದವರು ರಿಟರ್ನ್ ಹಾಕಬೇಕು. ನಮ್ಮ ಬಡಾವಣೆಯಲ್ಲಿ ಮಕ್ಕಳು ಅಮೆರಿಕದಲ್ಲಿ ಇಲ್ಲದ ಮನೆ ಹುಡುಕುವುದೇ ಕಷ್ಟ. ಮೊಮ್ಮಗು ಹುಟ್ಟಿತು ಅಂದರೆ ಅಜ್ಜ ಅಜ್ಜಿ ಆರು ತಿಂಗಳಿಗೆ ಹೊರಟರು. ಇಬ್ಬರ ಟಿಕೆಟ್ಟು, ವೀಸಾ ಎಲ್ಲ ಸೇರಿದರೆ 2 ಲಕ್ಷ ಎಲ್ಲಿ ದಾಟುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಇಲ್ಲಿ ನೋಡಬೇಕಾದ್ದು ಯಾರು ಹೋದರು ಅಂತ ಅಲ್ಲ, ಯಾರ ದುಡ್ಡು ಹೋಯಿತು ಅಂತ. ಮಗ ಅಲ್ಲಿಂದಲೇ ತನ್ನ ಕಾರ್ಡಿನಲ್ಲಿ ಟಿಕೆಟ್ ಮಾಡಿಸಿದ್ದರೆ ಅದು ಅಪ್ಪನ ಖರ್ಚಲ್ಲ. ಅಪ್ಪ ತನ್ನ ಎಫ್‌ಡಿ ಮುರಿಸಿ ಅಮ್ಮನಿಗೂ ಸೇರಿಸಿ ಟಿಕೆಟ್ ತೆಗೆದಿದ್ದರೆ ಅಪ್ಪ ರಿಟರ್ನ್ ಹಾಕಬೇಕು. ಅವರ ಪಿಂಚಣಿ ಎಷ್ಟೇ ಚಿಕ್ಕದಿರಲಿ.

ಅಮೆರಿಕದ ಮಾತು ಬಂತಲ್ಲ, ಇನ್ನೊಂದು ಸೇರಿಸುತ್ತೇನೆ. ಅಲ್ಲಿದ್ದಾಗ ‘ಇರಲಿ ಅಮ್ಮ’ ಅಂತ ಮಗ ತನ್ನ ಬ್ಯಾಂಕ್ ಖಾತೆಗೆ ತಾಯಿಯ ಹೆಸರೂ ಸೇರಿಸಿರುತ್ತಾನೆ. ಇಲ್ಲೇ ವಾಸ ಇರುವವರು ಹೊರದೇಶದಲ್ಲಿ ಆಸ್ತಿ ಹೊಂದಿದ್ದರೆ, ಅಥವಾ ಅಲ್ಲಿನ ಒಂದು ಖಾತೆಗೆ ಸಹಿ ಹಾಕುವ ಅಧಿಕಾರ ಇದ್ದರೂ ಸಾಕು, ಆದಾಯ ಸೊನ್ನೆಯಾದರೂ ರಿಟರ್ನ್ ಹಾಕಿ ಅದನ್ನು ತೋರಿಸಬೇಕು. ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳಿಗೂ ಇದೇ ಮಾತು. ಅಮೆರಿಕದ ಮೂಲ ಕಂಪನಿಯ ಷೇರು ಕೊಟ್ಟಿರುತ್ತಾರೆ. ಆ ಷೇರು ಮಾರದೆ ಸುಮ್ನೆ ಇಟ್ಟುಕೊಂಡಿದ್ದರೂ ಅದು ಹೊರದೇಶದ ಆಸ್ತಿಯೇ. ಇದಕ್ಕಾಗಿಯೇ 2015ರಲ್ಲಿ ಕಪ್ಪುಹಣದ ಕಾಯ್ದೆ ಬಂತು, ದಂಡ ಲಕ್ಷಗಳಲ್ಲಿದೆ. ಇನ್ನು ಹೊರದೇಶದಲ್ಲೇ ನೆಲೆಸಿ ಇಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ಮಕ್ಕಳಿಗೆ 12 ಲಕ್ಷದ ಮನ್ನಾ ಇಲ್ಲವೇ ಇಲ್ಲ. ಅದು ಭಾರತದ ನಿವಾಸಿಗಳಿಗೆ ಮಾತ್ರ. ಇದನ್ನು ಅವರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿ ಅಂತ ನಾನು ಅಪ್ಪ ಅಮ್ಮಂದಿರಿಗೆ ಹೇಳುತ್ತಿರುತ್ತೇನೆ. ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಉಪಯೋಗ.

ಎರಡನೆಯದು ಕರೆಂಟ್ ಬಿಲ್ಲು. ವರ್ಷಕ್ಕೆ 1 ಲಕ್ಷ ದಾಟಿದರೆ ರಿಟರ್ನ್ ಕಡ್ಡಾಯ. ತಿಂಗಳಿಗೆ ಸುಮಾರು 8,300 ರೂಪಾಯಿ. ಒಂದು ಸಂಸಾರಕ್ಕೆ ಅಷ್ಟು ಬರುವುದಿಲ್ಲ ಬಿಡಿ, 200 ಯೂನಿಟ್‌ವರೆಗೆ ಗೃಹಜ್ಯೋತಿಯೂ ಇದೆ. ಆದರೆ ಪಿಜಿ ನಡೆಸುವವರು, ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಬೆಸ್ಕಾಂಗೆ ತಾವೇ ಕಟ್ಟುವ ಮಾಲೀಕರು ಒಮ್ಮೆ ಬಿಲ್ಲು ಕೂಡಿ ನೋಡಲಿ.

ಮೂರನೆಯದು ಟಿಡಿಎಸ್. ವರ್ಷದಲ್ಲಿ ಹಿಡಿದ ಟಿಡಿಎಸ್, ಟಿಸಿಎಸ್ (ಕೆಲವು ಖರೀದಿಗಳಲ್ಲಿ ಮಾರುವವರು ವಸೂಲಿ ಮಾಡುವ ತೆರಿಗೆ) ಎಲ್ಲ ಕೂಡಿ 25,000 ಮುಟ್ಟಿದರೆ ರಿಟರ್ನ್ ಹಾಕಬೇಕು. 60 ಆದವರಿಗೆ ಈ ಮಿತಿ 50,000. ನಮ್ಮ ಬೀದಿ ಟೈಲರ್ ಮಗ ಮದುವೆ ವಿಡಿಯೋ, ಜಾಹೀರಾತು ವಿಡಿಯೋ ಎಡಿಟಿಂಗ್ ಮಾಡಿಕೊಡುತ್ತಾನೆ. ಹೋದ ವರ್ಷ ಒಂದು ಕಂಪನಿಯಿಂದ ಅವನಿಗೆ 3,20,000 ರೂಪಾಯಿ ಕೆಲಸ ಸಿಕ್ಕಿತು. ಅವರು ವೃತ್ತಿ ಶುಲ್ಕ ಅಂತ ಶೇ 10 ಹಿಡಿದು ಕೊಟ್ಟರು. 32,000 ಹೋಯಿತು. ಅದೇ ಅವನ ಇಡೀ ವರ್ಷದ ಸಂಪಾದನೆ. ‘ಆಂಟಿ, ನಂದು ನಾಲ್ಕು ಲಕ್ಷನೂ ಇಲ್ಲ, ನಾನು ಹಾಕೋದು ಬೇಡ ಅಲ್ವಾ?’ ಅಂದ. ಬೇಕಪ್ಪ, 25,000ದ ಮಿತಿ ದಾಟಿದೆ ಅಂದೆ. ಮುಖ ಸಣ್ಣದಾಯಿತು. ಆ 32,000 ಅಷ್ಟೂ ವಾಪಸ್ ಬರುತ್ತದೆ ಅಂದಮೇಲೆ ಅಲ್ಲೇ ಮೊಬೈಲ್ ತೆಗೆದು ಪ್ಯಾನ್ ನಂಬರ್ ಹಾಕತೊಡಗಿದ. ಇಂಥ ಹುಡುಗರು ಬೆಂಗಳೂರಿನಲ್ಲಿ ಎಷ್ಟು ಜನ ಇದ್ದಾರೋ! ಕಡ್ಡಾಯ ಎಂದು ಗೊತ್ತಿಲ್ಲದೆ, ತಮ್ಮ ದುಡ್ಡು ತಮಗೆ ಬರುತ್ತದೆ ಎಂದೂ ಗೊತ್ತಿಲ್ಲದೆ ಇದ್ದಾರೆ. ಇಂಥ ವೃತ್ತಿಯ ಒಟ್ಟು ವರಮಾನ 10 ಲಕ್ಷ ದಾಟಿದರೆ, ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ, ಕರೆಂಟ್ ಅಕೌಂಟಿಗೆ ವರ್ಷದಲ್ಲಿ 1 ಕೋಟಿಗಿಂತ ಜಾಸ್ತಿ ಜಮಾ ಆದರೆ, ಲಾಭ ಎಷ್ಟೇ ಇರಲಿ, ರಿಟರ್ನ್ ಹಾಕಬೇಕು. ಅಂಗಡಿಯವರಿಗೆ ಇದನ್ನು ಆಡಿಟರ್ ಹೇಳಿರುತ್ತಾರೆ. ನಾನು ಬೆಳೆಸುವುದಿಲ್ಲ.

ಸೈಟ್ ಮಾರಿದವರದ್ದು ಬೇರೆಯೇ ಕತೆ. ವಾಕಿಂಗ್‌ಗೆ ಬರುವ ಹಿರಿಯರೊಬ್ಬರು ಕೆಂಗೇರಿ ಕಡೆ ಎಂದೋ ಕೊಂಡಿದ್ದ ಸೈಟನ್ನು 60 ಲಕ್ಷಕ್ಕೆ ಮಾರಿದರು. ಬಂದ ಹಣವನ್ನೆಲ್ಲ ಮಗಳ ಮನೆ ಹತ್ತಿರ ತಮ್ಮ ಹೆಸರಿನಲ್ಲೇ ಒಂದು ಫ್ಲ್ಯಾಟಿಗೆ ಹಾಕಿದರು. ‘ಮನೆ ತಗೊಂಡ್ರೆ ಟ್ಯಾಕ್ಸ್ ಇಲ್ಲ ಅಂತ ಬ್ರೋಕರೇ ಹೇಳಿದ್ದಾನೆ, ಮುಗೀತಲ್ಲ’ ಅಂದರು. ತೆರಿಗೆ ಇಲ್ಲದಿರಬಹುದು. ಆದರೆ ಆ ವಿನಾಯಿತಿ ಕೇಳುವ ಜಾಗ ರಿಟರ್ನ್. ವಿನಾಯಿತಿ ಕಳೆಯುವ ಮುಂಚಿನ ಲಾಭವೇ ಗೆರೆ ದಾಟಿದೆ, ಅದು ಒಂದು ಕಾರಣ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಕೊಂಡವರು ಶೇ 1 ಟಿಡಿಎಸ್ ಹಿಡಿಯುತ್ತಾರೆ, ಇವರಿಗೆ 60,000 ಹಿಡಿದಿದ್ದಾರೆ, ಹಿರಿಯರ 50,000ದ ಮಿತಿಯೂ ದಾಟಿತು. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 50 ಲಕ್ಷ ಅಥವಾ ಜಾಸ್ತಿ ಜಮಾ ಆದರೆ ಅದೂ ಒಂದು ಕಾರಣ, ಇವರದ್ದು ಅದೂ ಆಗಿದೆ. ಮೂರು ಕಡೆಯಿಂದ ಸಿಕ್ಕಿಹಾಕಿಕೊಂಡಿದ್ದರೂ ಅವರಿಗೆ ಒಂದೂ ಗೊತ್ತಿರಲಿಲ್ಲ. ಇವರು ಸುಮ್ಮನೆ ಇದ್ದರೆ ಇಲಾಖೆಗೆ ಕಾಣುವುದು 60 ಲಕ್ಷದ ಮಾರಾಟ ಮಾತ್ರ. ಫ್ಲ್ಯಾಟಿನ ಕತೆಯನ್ನು ಹೇಳಬೇಕಾದವರು ಇವರೇ.

ಷೇರು, ಮ್ಯೂಚುವಲ್ ಫಂಡ್ ಮಾರಿದವರಿಗೆ ಒಂದೇ ಮಾತು. ವರ್ಷ ದಾಟಿದ ಷೇರಿನ ಲಾಭದಲ್ಲಿ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಶೇ 12.5, ವರ್ಷದೊಳಗೆ ಮಾರಿದರೆ ಶೇ 20. ಈ ತೆರಿಗೆಗಳಿಗೆ 12 ಲಕ್ಷದ ಮನ್ನಾ ತಾಗುವುದಿಲ್ಲ.

ತೋಟದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಈ ಗೆರೆಯ ಲೆಕ್ಕಕ್ಕೂ ಅದು ಸೇರುವುದಿಲ್ಲ. ಊರಲ್ಲಿ ತೆಂಗಿನ ತೋಟ ಇದೆ ಅಂತ ಗಾಬರಿಯಾಗುವವರು ಇಷ್ಟು ತಿಳಿದರೆ ಸಾಕು. ಆದರೆ ಇಲ್ಲಿನ ಆದಾಯವೇ ಗೆರೆ ದಾಟಿದ್ದರೆ ರಿಟರ್ನ್‌ನಲ್ಲಿ ತೋಟದ್ದನ್ನೂ ತೋರಿಸಬೇಕು.

ಇನ್ನು, ಹಾಕಲೇಬೇಕು ಅಂತ ಇಲ್ಲ, ಆದರೆ ಹಾಕದಿದ್ದರೆ ನಷ್ಟ ಅನ್ನುವವರ ವಿಷಯ. ಇವರ ಬಗ್ಗೆ ನನಗೆ ಜಾಸ್ತಿ ಸಂಕಟ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ, ವಯಸ್ಸು 57. ಗಂಡ ಹೋದ ಮೇಲೆ ತಿಂಗಳಿಗೆ 18,000 ಕುಟುಂಬ ಪಿಂಚಣಿ ಬರುತ್ತದೆ. ಗಂಡನ ಹಣ ಎಫ್‌ಡಿಯಲ್ಲಿದೆ, ವರ್ಷಕ್ಕೆ 1,40,000 ಬಡ್ಡಿ. ಕುಟುಂಬ ಪಿಂಚಣಿಗೆ 75,000ದ ಡಿಡಕ್ಷನ್ ಸಿಗುವುದಿಲ್ಲ, ಹೊಸ ಪದ್ಧತಿಯಲ್ಲಿ ಹೆಚ್ಚೆಂದರೆ 25,000 ಕಳೆಯಬಹುದು. 2,16,000ದಲ್ಲಿ ಅದನ್ನು ಕಳೆದರೆ 1,91,000. ಬಡ್ಡಿ ಸೇರಿಸಿದರೆ 3,31,000. ನಾಲ್ಕು ಲಕ್ಷದ ಒಳಗೇ ಇದೆ. ರಿಟರ್ನ್ ಕಡ್ಡಾಯ ಅಲ್ಲ. ಆದರೆ 60 ಆಗದವರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ. ಹಿರಿಯರಿಗೆ ಆ ಮಿತಿ 1 ಲಕ್ಷ. ಈ ತಾಯಿ 15ಜಿ (60 ಆಗದವರಿಗೆ 15ಎಚ್ ಥರದ್ದೇ ಫಾರ್ಮ್) ಕೊಟ್ಟಿರಲಿಲ್ಲ, ಆ ಫಾರ್ಮ್ ಇದೆ ಅಂತ ಬ್ಯಾಂಕಿನಲ್ಲಿ ಯಾರೂ ಹೇಳಿರಲಿಲ್ಲ. 14,000 ಕಟ್ ಆಯಿತು. ‘ಸರ್ಕಾರಕ್ಕೆ ಹೋದದ್ದು ಹೋಯ್ತು ಬಿಡಕ್ಕ’ ಅಂದರು. ಹೋಗಿಲ್ಲ. ರಿಟರ್ನ್ ಹಾಕಿದರೆ ಅಷ್ಟೂ ಅವರ ಖಾತೆಗೆ ವಾಪಸ್ ಬರುತ್ತದೆ. ಆ ಮನೆಗೆ 14,000 ಅಂದರೆ ತಿಂಗಳ ಖರ್ಚು. ಒಂದು ಎಚ್ಚರಿಕೆ: ವಾಪಸ್ ಕೇಳುವವರು ಡಿಸೆಂಬರ್ 31ರ ಒಳಗೆ ರಿಟರ್ನ್ ಹಾಕಬೇಕು. ಆಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ಸರ್ಕಾರಕ್ಕೆ ಕಟ್ಟಬಹುದೇ ಹೊರತು ವಾಪಸ್ ಕೇಳಲು ಬರುವುದಿಲ್ಲ.

ಇಷ್ಟೆಲ್ಲ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವುದು ಯಾರಿಗೂ ಆಗುವುದಿಲ್ಲ. ಮೊದಲು ಮಾಡಬೇಕಾದ ಕೆಲಸ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಪ್ಯಾನ್ ಹಾಕಿ ಹೋಗಿ ಎಐಎಸ್ ಎಂಬ ಪಟ್ಟಿ ನೋಡುವುದು. ಯಾವ ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿದೆ, ಯಾರು ಎಷ್ಟು ಟಿಡಿಎಸ್ ಹಿಡಿದಿದ್ದಾರೆ, ಎಷ್ಟು ಡಿವಿಡೆಂಡ್ ಬಂತು, ಯಾವ ಫಂಡ್ ಮಾರಿದಿರಿ, ಬಹಳಷ್ಟು ಅಲ್ಲಿ ಬಂದು ಕೂತಿರುತ್ತದೆ. ಟಿಡಿಎಸ್ ಹಿಡಿಯದ ಬಡ್ಡಿಯೂ ಕಾಣುತ್ತದೆ. 15ಎಚ್ ಕೊಟ್ಟಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡವರು ಇದನ್ನು ಒಮ್ಮೆ ನೋಡಬೇಕು. ಎದುರು ಮನೆಯವರು ತಾವೇ ಮರೆತಿದ್ದ ಒಂದು ಹಳೆ ಖಾತೆಯ ಬಡ್ಡಿಯನ್ನು ಅಲ್ಲಿ ಕಂಡು ‘ಇದು ಇನ್ನೂ ಇದೆಯಾ!’ ಅಂತ ಖುಷಿಪಟ್ಟರು.

ರಿಟರ್ನ್ ಹಾಕಿದ ಮೇಲೆ 30 ದಿನದೊಳಗೆ ದೃಢೀಕರಣ ಮಾಡದಿದ್ದರೆ ಅದು ನಿಗದಿತ ದಿನ ಹಾಕಿದ ರಿಟರ್ನ್ ಆಗಿ ಉಳಿಯುವುದಿಲ್ಲ. ಆಧಾರ್ ಒಟಿಪಿಯಲ್ಲಿ ಎರಡು ನಿಮಿಷದ ಕೆಲಸ. ಆಧಾರ್‌ಗೆ ಮೊಬೈಲ್ ಜೋಡಿಸದವರು ಫಾರ್ಮಿಗೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದು. ಆ ವಿಳಾಸ ಇರುವುದು ನಮ್ಮೂರಲ್ಲೇ. ಕಾಶ್ಮೀರದವರು ಹಾಕಲಿ, ಕನ್ಯಾಕುಮಾರಿಯವರು ಹಾಕಲಿ, ರಿಟರ್ನ್ ಪ್ರೊಸೆಸ್ ಆಗುವುದು ಬೆಂಗಳೂರಿನ ಸಿಪಿಸಿ ಎಂಬ ಇಲಾಖೆಯ ಕೇಂದ್ರದಲ್ಲಿ. ಅದಕ್ಕೇ ಅಂತ ಪ್ರತ್ಯೇಕ ಪಿನ್‌ಕೋಡ್ ಇದೆ, 560500. ಅಂಚೆಯವಳಾದ ನನಗೆ ಇದನ್ನು ಹೇಳುವುದಕ್ಕೆ ಸ್ವಲ್ಪ ಹೆಮ್ಮೆ, ಕ್ಷಮಿಸಿ. ಇಡೀ ದೇಶದ ಲೆಕ್ಕ ನೋಡುವ ಊರಿನಲ್ಲೇ ಇದ್ದುಕೊಂಡು ನಮ್ಮವರಿಗೆ ‘ಹಾಕಬೇಕಾ ಬೇಡ್ವಾ’ ಅಂತ ಗೊತ್ತಾಗದಿದ್ದರೆ ಹೇಗೆ?

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಬಜೆಟ್ ಮಾರನೇ ದಿನ ‘ತೆರಿಗೆ ಇಲ್ಲ’ ಎಂಬ ದಪ್ಪಕ್ಷರದ ಕೆಳಗೆ ‘ಇಷ್ಟು ದಾಟಿದವರು ರಿಟರ್ನ್ ಹಾಕಬೇಕು’ ಎಂಬ ಒಂದು ಸಾಲನ್ನೂ ಹಾಕಿ. ಸಾಧ್ಯವಾದರೆ ಪ್ರತಿ ವರ್ಷ ಏಪ್ರಿಲ್ ಮೊದಲ ವಾರ, ಜನ ಟಿಡಿಎಸ್ ಹಿಡಿಯಬೇಡಿ ಎಂಬ ಫಾರ್ಮಿನ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ, ಬೆಂಗಳೂರು ಪುಟದಲ್ಲಿ ಇದನ್ನು ಮತ್ತೆ ಪ್ರಕಟಿಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, 1961ರ ಕಾಯ್ದೆಯ ಸೆಕ್ಷನ್ ನಂಬರುಗಳೆಲ್ಲ ಬದಲಾಗುತ್ತಿವೆ. ಈಗ ಹಾಕುವ 2025-26ರ ರಿಟರ್ನ್‌ಗೆ ಹಳೆ ಕಾಯ್ದೆಯೇ ನಡೆಯುತ್ತದೆ. ಮುಂದಿನ ವರ್ಷ ಓದುಗರಿಗೆ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ ಅಂತ ನನ್ನ ಅಂದಾಜು. ಹಾಗಾಗಿ ನಾನು ಈ ಪತ್ರದಲ್ಲಿ ಒಂದು ಸೆಕ್ಷನ್ನಿನ ಹೆಸರೂ ಎತ್ತಿಲ್ಲ.

ಜಾಗ ಸಾಲದೆ ಪತ್ರ ಕತ್ತರಿಸುವುದಾದರೆ ಕರೆಂಟ್ ಬಿಲ್ಲು, ತೆಂಗಿನ ತೋಟ, ಪಿನ್‌ಕೋಡು ಎಲ್ಲ ತೆಗೆಯಿರಿ. 15ಎಚ್ ಪ್ಯಾರಾ ಮತ್ತು ಆ 14,000 ರೂಪಾಯಿಯ ಪ್ಯಾರಾ ಮಾತ್ರ ದಯವಿಟ್ಟು ಹಾಗೇ ಇರಲಿ. ಅಕ್ಷರ ಸ್ವಲ್ಪ ದೊಡ್ಡದಿದ್ದರೆ ಇನ್ನೂ ಒಳ್ಳೆಯದು, ಓದಬೇಕಾದವರೆಲ್ಲ ಕನ್ನಡಕದವರು.

ಇಂತಿ,
ನಿವೃತ್ತ ಸಬ್ ಪೋಸ್ಟ್ ಮಾಸ್ಟರ್,
ಹನುಮಂತನಗರ, ಬೆಂಗಳೂರು